ಹಳೇ ಟ್ರಕ್ಕು, ಬೇರೆ ಎಂಜಿನ್ನು, ನಡುವೆ ಒಂದು ರಬ್ಬರ್ ತುಂಡು

ಈ ಸಲ ರೆಂಟನ್‌ನ ಒಂದು ಮನೆಯ ಗ್ಯಾರೇಜಿನಿಂದ ಶುರು ಮಾಡೋಣ. ರೆಂಟನ್ ಅಂದ್ರೆ ಸಿಯಾಟಲ್‌ಗೆ ದಕ್ಷಿಣದಲ್ಲಿ, ವಾಷಿಂಗ್ಟನ್ ಸರೋವರದ ದಂಡೆಯ ಊರು. ಸಕಲೇಶಪುರ ಕಡೆಯ ಗೆಳೆಯರೊಬ್ಬರು ಇಲ್ಲಿ 1957ರ ಷೆವ್ರೊಲೆ ಪಿಕಪ್ ಟ್ರಕ್ ಕೊಂಡರು. ಅದರ ಮೂಲ ಎಂಜಿನ್ 235 ಘನ ಇಂಚಿನದು, ಆರು ಸಿಲಿಂಡರ್ ಸಾಲಾಗಿರುವಂಥದ್ದು. ಹಿಂದಿನ ಮಾಲೀಕರು ಅದನ್ನು ತೆಗೆಸಿ, 350 ಘನ ಇಂಚಿನ ವಿ-8 ಕೂರಿಸಿದ್ದರು.

ಒಂದು ದಿನ ಹೈಲ್ಯಾಂಡ್ಸ್ ಬಡಾವಣೆಯ ಏರು ಹತ್ತುವಾಗ ಬಾನೆಟ್ಟಿನೊಳಗೆ ‘ಧಡ್’ ಅಂತ ಸದ್ದಾಯಿತು. ಆಕ್ಸಿಲರೇಟರಿಂದ ಕಾಲು ತೆಗೆದರೂ ಎಂಜಿನ್ನಿನ ಅಬ್ಬರ ಇಳಿಯಲಿಲ್ಲ. ಕೀ ತಿರುಗಿಸಿ ಆಫ್ ಮಾಡಿದ ಮೇಲೇ ನಿಂತದ್ದು. ರಾತ್ರಿ ಊರಿಗೆ ಫೋನ್ ಮಾಡಿದರು. ಅವರ ತಂದೆ ತೋಟದ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿ ವರ್ಷಗಟ್ಟಲೆ ಓಡಿಸಿದವರು. ಕೇಳಿದ್ದು ಒಂದೇ ಪ್ರಶ್ನೆ: “ಗೇರ್ ಲಿವರ್ ಕುಣೀತದಾ ಮಾರಾಯ?” ಕುಣಿಯುತ್ತಿತ್ತು. “ಹಂಗಾದ್ರೆ ಫೌಂಡೇಶನ್ ಹೋಗಿದೆ. ಬಿಚ್ಚಿ ನೋಡದೆ ಓಡಿಸಬೇಡ.”

ಫೌಂಡೇಶನ್! ನಮ್ಮ ಮೆಕ್ಯಾನಿಕ್‌ಗಳು ಎಂಜಿನ್ ಮೌಂಟ್‌ಗೆ ಇಟ್ಟಿರುವ ಹೆಸರು. ಇಂಗ್ಲಿಷ್ ಪುಸ್ತಕದ ಪದಕ್ಕಿಂತ ಇದೇ ಸರಿ ಅಂತ ನನಗನಿಸುತ್ತೆ.

ಈ ಟ್ರಕ್ಕಿನ ಮೂಲ ಫೌಂಡೇಶನ್ ಹೇಗಿತ್ತು ನೋಡಿ. ಮುಂದೆ ಮಧ್ಯದಲ್ಲಿ ಒಂದು ಆಸರೆ, ಹಿಂದೆ ಕ್ಲಚ್ ಮುಚ್ಚುವ ಬೆಲ್ ಹೌಸಿಂಗಿನ ಎರಡು ಬದಿಗೆ ಎರಡು. ಒಟ್ಟು ಮೂರು. ಮೂರೇ ಯಾಕೆ? ಮೂರು ಕಲ್ಲಿನ ಒಲೆ ಎಂಥ ನೆಲದಲ್ಲಿಟ್ಟರೂ ಅಲ್ಲಾಡಲ್ಲ, ನಾಲ್ಕು ಕಾಲಿನ ಮಣೆ ಅಲ್ಲಾಡುತ್ತೆ. ಹಳ್ಳ-ದಿಣ್ಣೆ ಹತ್ತಿಳಿಯುವಾಗ ಟ್ರಕ್ಕಿನ ಛಾಸಿ ತಿರುಚಿಕೊಳ್ಳುತ್ತೆ. ಎಂಜಿನ್ನನ್ನು ನಾಲ್ಕು ಕಡೆ ಬಿಗಿಯಾಗಿ ಕಟ್ಟಿದರೆ ಆ ತಿರುಚು ಎಂಜಿನ್ನಿಗೂ ದಾಟಿ, ಎರಕದ ಕಿವಿಗಳು ಬಿರುಕು ಬಿಡುತ್ತವೆ.

ವಿ-8ರ ಕಥೆ ಬೇರೆ. ಷೆವ್ರೊಲೆಯ ಈ ಜಾತಿಯ ಎಂಜಿನ್ 1955ರಲ್ಲಿ ಬಂದಾಗ ಕಾರುಗಳಲ್ಲಿ ಮುಂದಿನಿಂದಲೇ ಆಸರೆ ಪಡೆಯುತ್ತಿತ್ತು. 1958ರಿಂದ ಆಸರೆ ಬ್ಲಾಕಿನ ಎರಡು ಪಕ್ಕಕ್ಕೆ ಬಂತು, ಪ್ರತಿ ಪಕ್ಕದಲ್ಲೂ ತ್ರಿಕೋನವಾಗಿ ಮೂರು ಬೋಲ್ಟು. 1997ರಲ್ಲಿ ಶುರುವಾದ ಎಲ್‌ಎಸ್ ಎಂಜಿನ್‌ಗಳಿಗೆ ನಾಲ್ಕು ಬೋಲ್ಟು, ಜಾಗವೂ ಬೇರೆ. ಹಾಗಾಗಿ ಹಳೇ ಛಾಸಿಗೆ ಸಾಮಾನ್ಯವಾಗಿ ಹೊಸ ಬ್ರಾಕೆಟ್ ಕೂರಿಸಬೇಕಾಗುತ್ತೆ. ಆಯಿಲ್ ಸಂಪು ಅಡ್ಡಪಟ್ಟಿಗೆ ತಾಗಬಾರದು, ಫ್ಯಾನು ರೇಡಿಯೇಟರಿಗೆ ಬಡಿಯಬಾರದು, ಎಂಜಿನ್ ಹಿಂದಕ್ಕೆ ಸುಮಾರು 3 ಡಿಗ್ರಿ ವಾಲಿರಬೇಕು.

ಎಂಜಿನ್ನಿನ ಜಾಗ ಎಷ್ಟು ಮುಖ್ಯ ಅನ್ನೋದು ಈ ಊರಿಗೆ ಚೆನ್ನಾಗಿ ಗೊತ್ತು. ಕೆನ್‌ವರ್ತ್ ಟ್ರಕ್ಕುಗಳ ಒಂದು ಕಾರ್ಖಾನೆ ಇಲ್ಲಿದೆ, ಬೋಯಿಂಗ್ 737 ಜೋಡಣೆಯಾಗುವುದೂ ಇಲ್ಲೇ. 1960ರ ದಶಕದ ವಿಮಾನಕ್ಕೆ ದೊಡ್ಡ ಎಂಜಿನ್ ಕೂರಿಸಲು ಮ್ಯಾಕ್ಸ್ ಮಾದರಿಯಲ್ಲಿ ಅದನ್ನು ಇನ್ನಷ್ಟು ಮುಂದಕ್ಕೆ, ಮೇಲಕ್ಕೆ ಸರಿಸಿದರು. ಕೆಲವು ಸನ್ನಿವೇಶಗಳಲ್ಲಿ ಮೂತಿ ಮೇಲೇಳುವ ಸ್ವಭಾವ ಹೆಚ್ಚಿತು, ಅದನ್ನು ತಡೆಯಲು ಸಾಫ್ಟ್‌ವೇರ್ ಬಂತು, ಆ ಸಾಫ್ಟ್‌ವೇರ್ ತಪ್ಪು ಸಂಕೇತ ನಂಬಿತು. 2018 ಮತ್ತು 2019ರ ಎರಡು ದುರಂತಗಳಲ್ಲಿ 346 ಜನ ತೀರಿಕೊಂಡರು.

ಟ್ರಕ್ಕಿಗೆ ವಾಪಸ್ ಬರೋಣ. ಗೆಳೆಯರ ಗಾಡಿಯಲ್ಲಿ ಬ್ರಾಕೆಟ್, ಅಳತೆ ಎಲ್ಲ ಸರಿಯಾಗೇ ಇತ್ತು. ಆದ್ರೆ ಎಡಗಡೆ ಮೌಂಟಿನ ರಬ್ಬರ್, ಸೋರಿದ ಆಯಿಲ್ ಕುಡಿದು ಮೆತ್ತಗಾಗಿ, ಲೋಹದಿಂದ ಕಿತ್ತುಬಂದಿತ್ತು. ಯಾಕೆ ಎಡಗಡೆಯದೇ? ಚಕ್ರಕ್ಕೆ ತಿರುಚುಬಲ ಕೊಟ್ಟಾಗ ಎಂಜಿನ್ ತಾನೇ ವಿರುದ್ಧ ದಿಕ್ಕಿಗೆ ಹೊರಳಲು ನೋಡುತ್ತೆ. ಗೇರ್ ಬಾಕ್ಸು ಎಂಜಿನ್ನಿಗೇ ಕಟ್ಟಿರೋದರಿಂದ ಮೊದಲ ಗೇರಿನಲ್ಲಿ ಆ ಬಲ ಗುಣಿಸಿಕೊಳ್ಳುತ್ತೆ. ಎಂಜಿನ್ 400 ನ್ಯೂಟನ್ ಮೀಟರ್ ಕೊಟ್ಟು, ಮೊದಲ ಗೇರು ಅದನ್ನು 3 ಪಟ್ಟು ಮಾಡಿದರೆ 1200. ಎರಡು ಮೌಂಟಿನ ನಡುವೆ ಅರ್ಧ ಮೀಟರ್ ಅಂತಿಟ್ಟುಕೊಳ್ಳಿ. ಎಡಗಡೆ ಸುಮಾರು 240 ಕೆ.ಜಿ. ಭಾರ ಎತ್ತುವಷ್ಟು ಸೆಳೆತ! ಆ ಬದಿಯಲ್ಲಿ ಕೂತ ಎಂಜಿನ್ನಿನ ತೂಕ ಅಷ್ಟಿಲ್ಲ. ಎಂಜಿನ್ ಏಳುತ್ತೆ, ಏಳುವಾಗ ಆಕ್ಸಿಲರೇಟರ್ ಸಲಾಕೆಯನ್ನೂ ಎಳೆಯುತ್ತೆ. ವೇಗ ಹೆಚ್ಚುತ್ತೆ, ಇನ್ನೂ ಏಳುತ್ತೆ.

ಇದು ಇವರೊಬ್ಬರ ದುರದೃಷ್ಟ ಅಲ್ಲ. 1971ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಇದೇ ಕಾರಣಕ್ಕೆ 1960ರ ದಶಕದ ಸುಮಾರು 67 ಲಕ್ಷ ವಾಹನಗಳನ್ನು ವಾಪಸ್ ಕರೆಸಬೇಕಾಯಿತು, ಅದರಲ್ಲಿ ಹಗುರ ಟ್ರಕ್‌ಗಳೂ ಇದ್ದವು. ಪರಿಹಾರ ಏನು ಗೊತ್ತಾ? ಎಂಜಿನ್ ಮೇಲೇಳದಂತೆ ಹಿಡಿಯುವ ಒಂದು ಕಟ್ಟು, ಅಷ್ಟೇ.

ಹಳೇ ಬಗೆಯ ಮೌಂಟಿನಲ್ಲಿ ಎರಡು ತಗಡಿನ ನಡುವೆ ರಬ್ಬರ್ ಅಂಟಿಸಿರುತ್ತಾರೆ. ಅಂಟು ಬಿಟ್ಟರೆ ಮುಗೀತು. ಈಚಿನದರಲ್ಲಿ ಒಳಗಿನ ಉಕ್ಕಿನ ತುಂಡುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ರಬ್ಬರ್ ಹರಿದರೂ ಎಂಜಿನ್ ಏಳಲ್ಲ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಬೋಲ್ಟಿನ ತೂತುಗಳು ಹೊಂದುತ್ತವೆ, ಬೆಲೆ ಮಾತ್ರ ಬೇರೆ. ಜನ ಕಡಿಮೆಯದನ್ನೇ ಎತ್ತಿಕೊಳ್ಳುತ್ತಾರೆ.

“ರಬ್ಬರ್ ಗೋಜೇ ಬೇಡ, ಉಕ್ಕಿನದೇ ಹಾಕಿಬಿಡೋಣ” ಅನ್ನೋರೂ ಇದ್ದಾರೆ. ನಿಮಿಷಕ್ಕೆ 600 ಸುತ್ತು ತಿರುಗುವ ವಿ-8 ಸೆಕೆಂಡಿಗೆ 40 ಸಲ ಬಡಿಯುತ್ತೆ, ಆರು ಸಿಲಿಂಡರಿನದು 30, ನಾಲ್ಕರದು 20. ಬಡಿತ ನಿಧಾನವಾದಷ್ಟೂ ಅದನ್ನು ತಡೆಯಲು ರಬ್ಬರ್ ಮೆತ್ತಗಿರಬೇಕು. ಡೀಸೆಲ್‌ನಲ್ಲಿ ಒಂದೊಂದು ಬಡಿತವೂ ಜೋರು. ಪೆಟ್ರೋಲ್ ಜೀಪಿನ ಫೌಂಡೇಶನ್ ಮೇಲೇ ಡೀಸೆಲ್ ಕೂರಿಸಿದರೆ ಸ್ಟೇರಿಂಗ್ ಹಿಡಿದ ಕೈ ಜೋಮು ಹಿಡಿಯೋದು ಇದಕ್ಕೇ. ಅಂದಹಾಗೆ, ಭಾರತದಲ್ಲಿ ಎಂಜಿನ್ ಬದಲಿಸುವವರು ಮೊದಲು ಆರ್‌ಟಿಓ ಅನುಮತಿ ಪಡೆಯಿರಿ, ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತೆ.

ಗೆಳೆಯರು ಎರಡೂ ಕಡೆ ಕೊಂಡಿಯ ಮೌಂಟ್ ಹಾಕಿಸಿ, ಆಯಿಲ್ ಸೋರಿಕೆ ನಿಲ್ಲಿಸಿ, ಸಲಾಕೆಯ ಬದಲು ಬಾಗುವ ಕೇಬಲ್ ಜೋಡಿಸಿಕೊಂಡರು. ಹೋದ ಶನಿವಾರ ಅದೇ ಏರು ಹತ್ತಿದೆವು. ನನ್ನ ಕಣ್ಣು ರಸ್ತೆ ಮೇಲಿರಲಿಲ್ಲ, ಗೇರ್ ಲಿವರ್ ಮೇಲಿತ್ತು. ಕುಣಿಯಲಿಲ್ಲ.