ಕ್ಯಾನ್ಸರ್ ಮರುಕಳಿಸಿದಾಗ: ಮುಂದಿನ ಚಿಕಿತ್ಸೆ ಯಾವುದು, ಯಾವಾಗ?

ಅಂಡಾಶಯದ ಕ್ಯಾನ್ಸರ್ ಬಗ್ಗೆ ಪಠ್ಯಪುಸ್ತಕಗಳಲ್ಲಿ ಹೆಚ್ಚೇನೂ ಇರುವುದಿಲ್ಲ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮನೆಯೊಂದರಲ್ಲಿ ಅವ್ವನಿಗೋ ದೊಡ್ಡಮ್ಮನಿಗೋ ಈ ಕಾಯಿಲೆ ಬಂದರೆ, ಆಸ್ಪತ್ರೆಯ ಇಂಗ್ಲಿಷ್ ವರದಿಯನ್ನು ಓದಿ ಹೇಳುವ ಕೆಲಸ ಬೀಳುವುದು ಬಹುಮಟ್ಟಿಗೆ ಕಾಲೇಜಿಗೆ ಹೋಗುವ ಮಗಳ ಅಥವಾ ಮಗನ ಮೇಲೆ. ಚಿಕಿತ್ಸೆ ಮುಗಿದು, ತಲೆಗೂದಲು ಮತ್ತೆ ಬೆಳೆದು, ಮನೆಯವರೆಲ್ಲ ಉಸಿರುಬಿಟ್ಟ ಹೊತ್ತಿನಲ್ಲಿ ಕಾಯಿಲೆ ಮರುಕಳಿಸಿದರೆ ಆ ವರದಿಯ ಪದಗಳಿಗೆ ಏನರ್ಥ? ವೈದ್ಯರನ್ನು ಏನು ಕೇಳಬೇಕು? ವಿದ್ಯಾರ್ಥಿಗಳಾದ ನಿಮಗೆ ಇದು ತಿಳಿದಿರಬೇಕು.

ಅಂಡಾಶಯ ದೊಡ್ಡ ಬಾದಾಮಿಯಷ್ಟಿರುವ ಅಂಗ. ಹೊಟ್ಟೆಯ ಕೆಳಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಇರುತ್ತವೆ. ಅಲ್ಲಿನ ಕ್ಯಾನ್ಸರ್ ಮೊದಮೊದಲು ತೋರುವುದು ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಇಷ್ಟೇ. ಗ್ಯಾಸ್ ಎಂದುಕೊಂಡು ದಿನ ತಳ್ಳುವವರೇ ಹೆಚ್ಚು. ಹೀಗಾಗಿ ಬಹುಪಾಲು ಮಂದಿಯಲ್ಲಿ ಹೊಟ್ಟೆಯೊಳಗೆಲ್ಲ ಹರಡಿದ ಮೇಲೆಯೇ ಪತ್ತೆಯಾಗುತ್ತದೆ. ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿಯಿಂದ ಗಡ್ಡೆ ಕಾಣದಂತಾದರೂ ಅಲ್ಲಲ್ಲಿ ಕೆಲವು ಜೀವಕೋಶಗಳು ಉಳಿದುಕೊಳ್ಳಬಹುದು. ಮುಂದುವರಿದ ಹಂತದಲ್ಲಿ ಪತ್ತೆಯಾದ 10 ಮಂದಿಯಲ್ಲಿ ಸುಮಾರು 7 ಮಂದಿಗೆ ಕಾಯಿಲೆ ಮರುಕಳಿಸುತ್ತದೆ. ಅದು ಪಥ್ಯ ಮೀರಿದ್ದರಿಂದಲೋ ಹೊಲದ ಕೆಲಸಕ್ಕೆ ಹೋದದ್ದರಿಂದಲೋ ಅಲ್ಲ. ಈ ಮಾತನ್ನು ಮೊದಲು ರೋಗಿಗೇ ಹೇಳಬೇಕು.

ಇಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ ಒಂದು ಲೋಹಕ್ಕೆ ಸಂಬಂಧಿಸಿದ್ದು: ಪ್ಲಾಟಿನಮ್. 1965ರಲ್ಲಿ ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ ಇದ್ದ ದ್ರವದಲ್ಲಿ ವಿದ್ಯುತ್ ಹರಿಸಿ ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಎರಡಾಗಿ ಒಡೆಯುವುದನ್ನು ಬಿಟ್ಟು ಎಳೆಯಂತೆ ಉದ್ದುದ್ದ ಬೆಳೆದವು. ಇದಕ್ಕೆ ಕಾರಣ ವಿದ್ಯುತ್ತಲ್ಲ, ಪ್ಲಾಟಿನಮ್ ವಿದ್ಯುದ್ವಾರಗಳಿಂದ ದ್ರವಕ್ಕೆ ಇಳಿದ ಸಂಯುಕ್ತ! ಅದು ಡಿಎನ್‌ಎಗೆ ಅಂಟಿಕೊಂಡು ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಸಿಸ್‌ಪ್ಲಾಟಿನ್ ಎಂಬ ಔಷಧ ಹುಟ್ಟಿದ್ದು ಹೀಗೆ. ಇಂದು ಹೆಚ್ಚಾಗಿ ಬಳಸುವ ಕಾರ್ಬೋಪ್ಲಾಟಿನ್ ಅದರ ತಂಗಿ ಎನ್ನಬಹುದು, ಮೂತ್ರಪಿಂಡಗಳಿಗೆ ತುಸು ಸೌಮ್ಯ.

ಕೊನೆಯ ಪ್ಲಾಟಿನಮ್ ಡೋಸು ಪಡೆದು 6 ತಿಂಗಳು ಕಳೆದ ಮೇಲೆ ಕಾಯಿಲೆ ಬಂದಿದ್ದರೆ ಅದೇ ಜಾತಿಯ ಔಷಧ ಮತ್ತೆ ಕೆಲಸ ಮಾಡುವ ಸಂಭವ ಚೆನ್ನಾಗಿರುತ್ತದೆ. ಅಂತರ ಹೆಚ್ಚಿದಷ್ಟೂ ಒಳ್ಳೆಯದು. ಆರು ತಿಂಗಳೊಳಗೇ ಬಂದರೆ ಆ ಕೋಶಗಳು ಪ್ಲಾಟಿನಮ್‌ಗೆ ಬಗ್ಗುವುದಿಲ್ಲವೆಂದು ತಿಳಿದು ಬೇರೆ ಔಷಧಗಳಿಗೆ ಹೋಗುತ್ತಾರೆ. ಅವುಗಳಿಂದ ಗಡ್ಡೆ ಕುಗ್ಗುವುದು ಕೆಲವರಲ್ಲಿ ಮಾತ್ರ. ಆರು ತಿಂಗಳೆಂಬುದು ಗೋಡೆಯಲ್ಲ, ಅಂದಾಜಿನ ಗೆರೆ ಅಷ್ಟೆ.

ಈಗ ಬಹಳ ಮನೆಗಳನ್ನು ಕಾಡುವ ಸಂಗತಿಗೆ ಬರೋಣ. ಚಿಕಿತ್ಸೆಯ ನಂತರ ಸಿಎ-125 ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಸಾಮಾನ್ಯವಾಗಿ 35ರ ಒಳಗಿರಬೇಕಾದ ಆ ಅಂಕಿ ಏರತೊಡಗುತ್ತದೆ. ಹೆಂಗಸಿಗೆ ನೋವಿಲ್ಲ, ಉಬ್ಬರವಿಲ್ಲ. ಮುದ್ದೆ ತಿರುವುತ್ತಾರೆ, ದನ ನೋಡಿಕೊಳ್ಳುತ್ತಾರೆ. ಆದರೂ ಅಂಕಿ ಏರಿದ ದಿನದಿಂದ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕೂಡಲೇ ಕೀಮೋ ಶುರುಮಾಡಬೇಡವೇ?

ಈ ಪ್ರಶ್ನೆಯನ್ನೇ ಹಿಡಿದು ಬ್ರಿಟನ್ ಮತ್ತು ಯೂರೋಪಿನ ವೈದ್ಯರು ಒಂದು ದೊಡ್ಡ ಅಧ್ಯಯನ ನಡೆಸಿದರು. ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಂಕಿ ಏರಿದ 529 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಕ್ಷಣ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿಗೆ ರೋಗಲಕ್ಷಣಗಳು ಕಂಡ ಮೇಲೆ ಕೊಟ್ಟರು. ಮೊದಲ ಗುಂಪಿನವರು ಸುಮಾರು 5 ತಿಂಗಳು ಮುಂಚೆಯೇ ಔಷಧ ಪಡೆದರೂ ಹೆಚ್ಚು ಕಾಲವೇನೂ ಬದುಕಲಿಲ್ಲ. ಬದಲಿಗೆ ಅವರ ದಿನನಿತ್ಯದ ಸುಖ ಬೇಗ ಕುಂದಿತು. ನನ್ನನ್ನು ಕೇಳಿದರೆ ವೈದ್ಯವಿಜ್ಞಾನದಲ್ಲಿ ಇಂಥ ಫಲಿತಾಂಶಗಳಿಗೆ ಸಿಗಬೇಕಾದಷ್ಟು ಪ್ರಚಾರ ಸಿಗುವುದಿಲ್ಲ. ಆದರೆ ಇದನ್ನು ತಪ್ಪಾಗಿ ತಿಳಿಯಬಾರದು. ಈ ಅಧ್ಯಯನ ನಡೆದದ್ದು ಈಗಿನ ಕೆಲವು ಔಷಧಗಳು ಬರುವ ಮೊದಲು. ಅಂಕಿ ಏರಿದಾಗ ಸ್ಕ್ಯಾನ್ ಮಾಡಿಸಿ ವೈದ್ಯರನ್ನು ಕಾಣಲೇಬೇಕು. ‘ಕಾದು ನೋಡೋಣ’ ಎಂದು ವೈದ್ಯರು ಹೇಳಿದರೆ ಅದನ್ನು ಕೈಬಿಟ್ಟರೆಂದು ಭಾವಿಸಬೇಕಿಲ್ಲ, ಅಷ್ಟೇ. ಕಾಯುವುದೂ ಒಂದು ಚಿಕಿತ್ಸಾಕ್ರಮವೇ.

ಮತ್ತೆ ಶಸ್ತ್ರಚಿಕಿತ್ಸೆ ಮಾಡಬಹುದೇ? 2019ರಲ್ಲಿ ಪ್ರಕಟವಾದ ಅಮೆರಿಕದ ನೇತೃತ್ವದ ಅಧ್ಯಯನ ಇದರಿಂದ ಲಾಭವಿಲ್ಲವೆಂದಿತು. 2021ರ ಜರ್ಮನಿ ನೇತೃತ್ವದ ಅಧ್ಯಯನ ಲಾಭವಿದೆಯೆಂದಿತು, ಆದರೆ ಸೂಕ್ಷ್ಮವಾಗಿ ಆರಿಸಿದ ರೋಗಿಗಳಲ್ಲಿ, ಅದರಲ್ಲೂ ಕಾಣುವ ಗಡ್ಡೆಯನ್ನೆಲ್ಲ ತೆಗೆಯಲು ಸಾಧ್ಯವಾದಾಗ. ಆದ್ದರಿಂದ ಇಲ್ಲಿ ಕೇಳಬೇಕಾದದ್ದು ‘ಪೂರ್ತಿ ತೆಗೆಯಲಾಗುತ್ತದೆಯೇ?’ ಎಂದು.

2014ರಿಂದ ಬಳಕೆಗೆ ಬಂದ ಒಲಾಪರಿಬ್‌ನಂಥ ಮಾತ್ರೆಗಳಿವೆ. ಪ್ಲಾಟಿನಮ್‌ಗೆ ಕಾಯಿಲೆ ಬಗ್ಗಿದ ಮೇಲೆ ಅದು ಮರಳುವುದನ್ನು ಇವು ಮುಂದೂಡುತ್ತವೆ. ಬಿಆರ್‌ಸಿಎ ಎಂಬ ಜೀನಿನಲ್ಲಿ ದೋಷವಿರುವವರಿಗೆ ಲಾಭ ಹೆಚ್ಚು. ರಕ್ತಹೀನತೆ ಬರಬಹುದು, ಖರ್ಚೂ ಇದೆ. ಈ ಜೀನ್ ಪರೀಕ್ಷೆ ಮಕ್ಕಳಿಗೂ ಸಂಬಂಧಿಸಿದ್ದು. ತಾಯಿಯ ದೋಷ ಮಗಳಿಗೆ ಬರುವ ಸಂಭವ ಎಷ್ಟೋ ಮಗನಿಗೂ ಅಷ್ಟೇ: ಎರಡರಲ್ಲಿ ಒಂದು.

ಇವೆಲ್ಲ ಔಷಧದ ಲೆಕ್ಕ. ಮನೆಯ ಲೆಕ್ಕ ಬೇರೆಯೇ ಇದೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ರಾಮನಗರ, ಚನ್ನಪಟ್ಟಣದವರು ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು. ಕನಕಪುರ, ಮಾಗಡಿಗಳಿಗೆ ರೈಲೇ ಇಲ್ಲ. ಮೂರು ವಾರಕ್ಕೊಮ್ಮೆ ಬರುವ ಔಷಧವೋ, ವಾರವಾರ ಬರುವ ಔಷಧವೋ ಎಂಬುದು ಬೆಂಗಳೂರಿನ ನಿವಾಸಿಗೆ ಸಣ್ಣ ವಿಷಯ. ರೇಷ್ಮೆ ಸಾಕುವ ಮನೆಗೆ ಅಲ್ಲ. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಬಿಡುವಿಲ್ಲದೆ ಸೊಪ್ಪು ಹಾಕಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಕೀಮೋ ಪಡೆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ಇಳಿದು ಸೋಂಕು ತಗಲುವ ಭಯವಿರುವುದೂ ಅದೇ ಹೊತ್ತಿಗೆ ಬಂದರೆ? ‘ತಾರೀಖನ್ನು ಒಂದು ವಾರ ಹಿಂದೆಮುಂದೆ ಮಾಡಬಹುದೇ? ರಕ್ತಪರೀಕ್ಷೆ ನಮ್ಮೂರಲ್ಲೇ ಮಾಡಿಸಬಹುದೇ?’ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ. ಆದರೆ ಕೀಮೋ ನಡೆಯುತ್ತಿರುವಾಗ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ (2018) ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಬರೆದುಕೊಟ್ಟ ಔಷಧ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ‘ಅವಳಿಗೆ ಹೇಳಬೇಡಿ ಡಾಕ್ಟ್ರೇ’ ಎಂದು ಗಂಡನೋ ಮೈದುನನೋ ಬಾಗಿಲಾಚೆ ಪಿಸುಗುಟ್ಟುವುದು ನಮ್ಮಲ್ಲಿ ರೂಢಿ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸೂಜಿ ಚುಚ್ಚಿಸಿಕೊಳ್ಳುವವರು ಆಕೆ. ಮೊಮ್ಮಗನ ನಾಮಕರಣಕ್ಕೆ ಎದ್ದು ಓಡಾಡುವಷ್ಟು ಶಕ್ತಿ ಬೇಕೋ, ಎಷ್ಟೇ ಕಷ್ಟವಾದರೂ ಇನ್ನೊಂದು ಔಷಧ ನೋಡಬೇಕೋ ಎಂಬುದನ್ನು ಆಕೆಯಲ್ಲದೆ ಯಾರು ಹೇಳಬಲ್ಲರು? ಎಷ್ಟು ತಿಳಿಯಬೇಕೆಂದಿದೆ ಎಂದು ಆಕೆಯನ್ನೇ ಕೇಳಿದರೆ ಆಯಿತು.

ನೋವು, ವಾಂತಿ, ಹೊಟ್ಟೆಯಲ್ಲಿ ತುಂಬುವ ನೀರು, ಇವನ್ನು ಶಮನಗೊಳಿಸುವ ಉಪಶಾಮಕ ಆರೈಕೆ ಕೊನೆಗಾಲಕ್ಕೆಂದು ಎತ್ತಿಡುವಂಥದ್ದಲ್ಲ. ಕೀಮೋ ಜೊತೆಗೂ ನಡೆಯುತ್ತದೆ. ಕೀಮೋ ನಿಲ್ಲಿಸಲು ತೀರ್ಮಾನಿಸಿದವರಿಗೂ ಚಿಕಿತ್ಸೆ ನಿಲ್ಲುವುದಿಲ್ಲ. ಗುಣವಾಗದ ಹಂತ ತಲುಪಿದವರನ್ನು ಬೆಂಗಳೂರಿನ ಕರುಣಾಶ್ರಯ 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ.

ಆಸ್ಪತ್ರೆಗೆ ಹೊರಡುವ ಮುನ್ನ ವರದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಫೈಲಿನ ಮೊದಲ ಹಾಳೆಯಲ್ಲಿ ಕೊನೆಯ ಪ್ಲಾಟಿನಮ್ ಡೋಸಿನ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಅದರ ಕೆಳಗೆ ಅವ್ವ ಕೇಳಬೇಕೆಂದಿರುವ ಪ್ರಶ್ನೆಗಳನ್ನು, ಅವರದೇ ಮಾತಿನಲ್ಲಿ.