ಟಿನಿಯನ್ ದ್ವೀಪದ ಪಾಳು ವಿಮಾನ ನಿಲ್ದಾಣ

ಪಾಳುಬಿದ್ದ ಕೋಟೆಯನ್ನು ಕಂಡಾಗ ಅದನ್ನು ಕಟ್ಟಿಸಿದ ಅರಸನ ಹೆಸರು ನೆನಪಾಗುತ್ತದೆ. ಪಾಳುಬಿದ್ದ ಗುಡಿಯನ್ನು ಕಂಡಾಗ ಅಲ್ಲಿ ಒಮ್ಮೆ ಬೆಳಗಿದ ದೀಪಗಳು ನೆನಪಾಗುತ್ತವೆ. ಇಪ್ಪತ್ತನೆಯ ಶತಮಾನವು ಬಿಟ್ಟುಹೋದ ಪಾಳುಗಳ ಬಗೆಯೇ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಗತ್ತಿನ ನಾನಾ ಭಾಗಗಳಲ್ಲಿ ನೂರಾರು ಸೈನಿಕ ವಿಮಾನ ನಿಲ್ದಾಣಗಳು ಕೆಲವೇ ತಿಂಗಳುಗಳಲ್ಲಿ ಸಿದ್ಧವಾದವು. ಯುದ್ಧ ಮುಗಿದೊಡನೆ ಅಷ್ಟೇ ಬೇಗ ಬರಿದಾದವು. ಅವುಗಳಿಗೆ ಗೋಪುರವಿಲ್ಲ, ಶಾಸನವಿಲ್ಲ. ನೆಲಕ್ಕೆ ಅಂಟಿದ ಹಾದಿಗಳು, ಒಡೆದ ಗೋಡೆಗಳು, ಮುಚ್ಚಿದ ಗುಂಡಿಗಳು ಇಷ್ಟೇ ಉಳಿದಿರುವುದು. ಇವನ್ನು ಓದಲು ತಿಳಿದವನಿಗೆ ಮಾತ್ರ ಅವು ಮಾತನಾಡುತ್ತವೆ. ಅಂತಹ ತಾಣಗಳಲ್ಲೆಲ್ಲ ಗಂಭೀರವಾದ ಕಥೆಯನ್ನು ಹೇಳುವಂಥದು ಪೆಸಿಫಿಕ್ ಮಹಾಸಾಗರದ ಟಿನಿಯನ್ ದ್ವೀಪದ ಉತ್ತರ ವಿಮಾನ ನಿಲ್ದಾಣ.

ಮರಿಯಾನಾ ದ್ವೀಪಮಾಲೆಯಲ್ಲಿ ಸೈಪಾನ್ ದ್ವೀಪದ ದಕ್ಷಿಣಕ್ಕೆ, ಕಿರಿದಾದ ಒಂದು ಕಡಲ ಕಾಲುವೆಯ ಆಚೆಗೆ ಟಿನಿಯನ್ ಇದೆ. ಇದರ ವಿಸ್ತೀರ್ಣ ಸುಮಾರು ೧೦೦ ಚದರ ಕಿಲೋಮೀಟರು. ಇಲ್ಲಿಯ ಮೂಲನಿವಾಸಿಗಳು ಚಮೋರೊ ಜನರು. ಅವರ ಪೂರ್ವಜರು ನಿಲ್ಲಿಸಿದ ಬೃಹತ್ ಶಿಲಾಸ್ತಂಭಗಳಲ್ಲಿ ಒಂದು ದ್ವೀಪದ ದಕ್ಷಿಣ ಭಾಗದಲ್ಲಿ ಇಂದಿಗೂ ನಿಂತಿದೆ. ಸ್ಪೇನ್, ಜರ್ಮನಿಗಳ ಒಡೆತನವನ್ನು ಕಂಡ ಈ ದ್ವೀಪವು ೧೯೧೪ರಲ್ಲಿ ಜಪಾನಿನ ಕೈಸೇರಿತು. ಜಪಾನೀಯರು ಕಾಡನ್ನು ಕಡಿದು ದ್ವೀಪದ ತುಂಬ ಕಬ್ಬು ಬೆಳೆದರು, ಸಕ್ಕರೆ ಕಾರ್ಖಾನೆಯನ್ನು ನಡೆಸಿದರು. ಓಕಿನಾವಾ ಮೊದಲಾದ ಕಡೆಗಳಿಂದ ಸಾವಿರಾರು ಕುಟುಂಬಗಳು ಬಂದು ನೆಲೆಸಿದವು. ಕಬ್ಬಿನ ಗದ್ದೆಯ ಸಮತಟ್ಟಾದ ನೆಲವೇ ಮುಂದೆ ಈ ದ್ವೀಪದ ಹಣೆಬರಹವನ್ನು ನಿರ್ಣಯಿಸಿತು.

೧೯೪೪ರ ಜುಲೈ ೨೪ರಂದು ಅಮೆರಿಕದ ಸೈನ್ಯವು ಟಿನಿಯನ್ ತೀರದಲ್ಲಿ ಇಳಿಯಿತು. ಆಗಸ್ಟ್ ೧ರ ಹೊತ್ತಿಗೆ ದ್ವೀಪವು ಅದರ ವಶವಾಯಿತು. ಸೈನಿಕರೊಂದಿಗೆ ಕಬ್ಬು ಬೆಳೆದ ಬಡ ಕುಟುಂಬಗಳೂ ಈ ಕಾಳಗದಲ್ಲಿ ನಾಶವಾದವು. ಇಷ್ಟು ಸಣ್ಣ ದ್ವೀಪಕ್ಕಾಗಿ ಅಷ್ಟೊಂದು ರಕ್ತವೇಕೆ ಹರಿಯಿತು ಎಂಬ ಪ್ರಶ್ನೆಗೆ ಭೂಪಟವೇ ಉತ್ತರ ಕೊಡುತ್ತದೆ. ಟೋಕಿಯೋ ನಗರವು ಇಲ್ಲಿಂದ ಸುಮಾರು ೨,೪೦೦ ಕಿಲೋಮೀಟರು ದೂರ. ಅಮೆರಿಕವು ಆಗ ತಾನೇ ರೂಪಿಸಿದ್ದ ಬಿ-೨೯ ಎಂಬ ದೊಡ್ಡ ಬಾಂಬರ್ ವಿಮಾನವು ಅಷ್ಟು ದೂರ ಹಾರಿ, ಬಾಂಬು ಹಾಕಿ, ಮರಳಿ ಬರಬಲ್ಲುದಾಗಿತ್ತು. ಇದೇ ವಿಮಾನಗಳು ೧೯೪೪ರಲ್ಲಿ ನಮ್ಮ ದೇಶದ ಖರಗಪುರ ಮತ್ತು ಅದರ ಸುತ್ತಣ ನಿಲ್ದಾಣಗಳಿಂದ ಚೀನಾದ ಮೂಲಕ ಜಪಾನಿನತ್ತ ಹಾರುತ್ತಿದ್ದವು. ಹಿಮಾಲಯದ ಮೇಲಿಂದ ಇಂಧನ ಸಾಗಿಸಬೇಕಾದ ಆ ಮಾರ್ಗವು ಬಹಳ ಕಷ್ಟದ್ದು. ಆದುದರಿಂದ ೧೯೪೫ರ ಪೂರ್ವಾರ್ಧದಲ್ಲಿ ಖರಗಪುರದ ಆ ಪಡೆಯೂ ಟಿನಿಯನ್ನಿನ ಪಶ್ಚಿಮ ನಿಲ್ದಾಣಕ್ಕೆ ಬಂದು ಸೇರಿತು.

ಬಿ-೨೯ ವಿಮಾನದ ರೆಕ್ಕೆಗಳ ಉದ್ದ ೪೩ ಮೀಟರು. ತುಂಬಿದಾಗ ಅದರ ತೂಕ ಸುಮಾರು ೬೦ ಟನ್ನು. ಇಂತಹ ಭಾರವನ್ನು ಹೊರಲು ಸಾಮಾನ್ಯ ನೆಲ ಸಾಲದು. ಅಮೆರಿಕದ ನೌಕಾಪಡೆಯ ನಿರ್ಮಾಣ ದಳದವರು ಜಪಾನೀಯರ ಹಳೆಯ ನಿಲ್ದಾಣವಿದ್ದ ಉತ್ತರ ತುದಿಯನ್ನು ಆರಿಸಿಕೊಂಡರು. ದ್ವೀಪದ ಒಡಲಲ್ಲಿಯೇ ಇದ್ದ ಹವಳದ ಕಲ್ಲನ್ನು ಅಗೆದು, ಪುಡಿಮಾಡಿ, ಹಾಸಿ, ಉರುಳೆ ಹಾಯಿಸಿದರು. ಸಮುದ್ರದ ನೀರು ಚಿಮುಕಿಸಿ ಒತ್ತಿದ ಹವಳದ ಪುಡಿಯು ಗಾರೆಯಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಡಾಂಬರಿನ ಪದರವನ್ನು ಎಳೆದರು. ಹೀಗೆ ತಲಾ ೮,೫೦೦ ಅಡಿ ಉದ್ದದ ನಾಲ್ಕು ಸಮಾನಾಂತರ ಓಡುಹಾದಿಗಳು ೧೯೪೫ರ ಮೇ ತಿಂಗಳ ಹೊತ್ತಿಗೆ ಪೂರ್ಣಗೊಂಡವು. ಆ ವರ್ಷ ಇದು ಜಗತ್ತಿನ ಅತ್ಯಂತ ದೊಡ್ಡ ವಿಮಾನ ನಿಲ್ದಾಣವೆನಿಸಿತು. ಹಗಲಿರುಳೂ ದುಡಿದ ಆ ಕೆಲಸಗಾರರ ಕೌಶಲ್ಯವನ್ನು ಯಾರಾದರೂ ಮೆಚ್ಚಲೇಬೇಕು.

ಇಂದು ಈ ಅವಶೇಷಗಳನ್ನು ನೋಡಬಯಸುವವನು ದಕ್ಷಿಣದ ಹಳ್ಳಿಯಿಂದ ಉತ್ತರಕ್ಕೆ ನೇರವಾಗಿ ಹೋಗುವ ರಸ್ತೆಯನ್ನು ಹಿಡಿಯಬೇಕು. ಆ ರಸ್ತೆಯ ಹೆಸರು ಬ್ರಾಡ್‌ವೇ! ದ್ವೀಪದ ಆಕಾರವು ನ್ಯೂಯಾರ್ಕಿನ ಮ್ಯಾನ್‌ಹಟನ್ನನ್ನು ಹೋಲುತ್ತದೆಂದು ಸೈನಿಕರು ತಮ್ಮ ಊರಿನ ಬೀದಿಗಳ ಹೆಸರುಗಳನ್ನೇ ಇಲ್ಲಿಯ ದಾರಿಗಳಿಗೆ ಇಟ್ಟರು. ಮನೆಯಿಂದ ಸಾವಿರಾರು ಮೈಲು ದೂರವಿದ್ದ ತರುಣರ ಮನಸ್ಸಿನ ಹಂಬಲವು ಆ ಹೆಸರುಗಳಲ್ಲಿ ಉಳಿದಿದೆ. ರಸ್ತೆಯ ಕೊನೆಯಲ್ಲಿ ಜಪಾನೀಯರ ಎರಡಂತಸ್ತಿನ ಕಾಂಕ್ರೀಟು ಕಟ್ಟಡವು ಗುಂಡುಗಳ ಗಾಯಗಳನ್ನು ಹೊತ್ತು ನಿಂತಿದೆ. ಸಮೀಪದಲ್ಲಿಯೇ ದಪ್ಪ ಗೋಡೆಯ ಆಶ್ರಯಕೋಣೆಗಳಿವೆ. ಸೋತವರು ಕಟ್ಟಿದ ಗೋಡೆಗಳು ನಿಂತಿವೆ. ಗೆದ್ದವರ ಡೇರೆಗಳು, ತಗಡಿನ ಮನೆಗಳು, ಕಾವಲು ಗೋಪುರಗಳು ಹೇಳಹೆಸರಿಲ್ಲದಂತೆ ಹೋಗಿವೆ. ಗೆದ್ದವರದೆಂದು ಉಳಿದದ್ದು ಓಡುಹಾದಿಗಳು ಮಾತ್ರ.

ಆ ಹಾದಿಗಳಿಂದ ಮೇಲೆದ್ದ ವಿಮಾನಗಳು ಏನು ಮಾಡಿದವು ಎಂಬುದನ್ನು ಮರೆಯಲಾಗದು. ೧೯೪೫ರ ಮಾರ್ಚ್ ೯-೧೦ರ ರಾತ್ರಿ ಟಿನಿಯನ್, ಸೈಪಾನ್, ಗುವಾಮ್ ದ್ವೀಪಗಳಿಂದ ಹೊರಟ ಬಿ-೨೯ಗಳು ಟೋಕಿಯೋ ನಗರದ ಮೇಲೆ ಬೆಂಕಿಯ ಮಳೆಗರೆದವು. ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನರು ಸತ್ತರೆಂದು ಅಂದಾಜು.

ಓಡುಹಾದಿಗಳ ಪಕ್ಕದಲ್ಲಿ, ವಿಮಾನಗಳನ್ನು ನಿಲ್ಲಿಸುತ್ತಿದ್ದ ಬಯಲಿನಲ್ಲಿ, ಎರಡು ಗುಂಡಿಗಳಿವೆ. ನೋಡುವುದಕ್ಕೆ ಇವು ಊರಿನ ಕಣದ ಬದಿಯ ಹಗೇವುಗಳಂತೆ ಕಾಣಬಹುದು. ಅಣುಬಾಂಬುಗಳ ಗಾತ್ರವು ವಿಮಾನದ ಹೊಟ್ಟೆಯ ಕೆಳಗೆ ತಳ್ಳಿ ಏರಿಸಲಾಗದಷ್ಟು ದೊಡ್ಡದಾಗಿತ್ತು. ಆದಕಾರಣ ಬಾಂಬನ್ನು ಮೊದಲು ಗುಂಡಿಯೊಳಗೆ ಇಳಿಸಿ, ವಿಮಾನವನ್ನು ಅದರ ಮೇಲಕ್ಕೆ ಎಳೆದು ತಂದು, ಜಲಶಕ್ತಿಯ ಎತ್ತುಗದಿಂದ ಬಾಂಬನ್ನು ಮೇಲೆತ್ತುತ್ತಿದ್ದರು. ಒಂದು ಗುಂಡಿಯಿಂದ ಏರಿದ ಸುಮಾರು ೪,೪೦೦ ಕಿಲೋಗ್ರಾಂ ತೂಕದ ಬಾಂಬನ್ನು ಹೊತ್ತು ಎನೊಲಾ ಗೇ ವಿಮಾನವು ೧೯೪೫ರ ಆಗಸ್ಟ್ ೬ರ ನಸುಕಿನ ೨ ಗಂಟೆ ೪೫ ನಿಮಿಷಕ್ಕೆ ಹೊರಟಿತು. ಅಂದು ಬೆಳಿಗ್ಗೆ ೮ ಗಂಟೆ ೧೫ ನಿಮಿಷಕ್ಕೆ ಹಿರೋಶಿಮಾ ಉರಿಯಿತು. ಇನ್ನೊಂದು ಗುಂಡಿಯ ಬಾಂಬು ಆಗಸ್ಟ್ ೯ರಂದು ನಾಗಾಸಾಕಿಯ ಮೇಲೆ ಬಿತ್ತು. ಆ ವರ್ಷದ ಕೊನೆಯೊಳಗೆ ಹಿರೋಶಿಮಾದಲ್ಲಿ ಸುಮಾರು ೧,೪೦,೦೦೦, ನಾಗಾಸಾಕಿಯಲ್ಲಿ ಸುಮಾರು ೭೦,೦೦೦ ಜನರು ಮಡಿದರು. ಬೆಂಕಿ ಹಬ್ಬದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಹಿರೋಶಿಮಾದ ಬೀದಿಗಳಲ್ಲಿ ಆ ಬೆಳಿಗ್ಗೆ ಸಾವಿರಾರು ಶಾಲಾಮಕ್ಕಳು ಸೇರಿದ್ದರು; ಅವರಲ್ಲಿ ಬಹುಮಂದಿ ಮನೆಗೆ ಮರಳಲಿಲ್ಲ.

೧೯೪೭ರಲ್ಲಿ ನಿಲ್ದಾಣವನ್ನು ತೊರೆದರು. ಗುಂಡಿಗಳನ್ನು ತುಂಬಿ ಮುಚ್ಚಲಾಯಿತು. ಮನುಷ್ಯರು ಹೋದ ಮೇಲೆ ಬಂದದ್ದು ಒಂದು ಗಿಡ. ಅಲ್ಲಿಯವರು ಅದನ್ನು ತಂಗನ್-ತಂಗನ್ ಎನ್ನುತ್ತಾರೆ. ನಮ್ಮ ರೈತರು ಮೇವಿಗಾಗಿ, ಉರುವಲಿಗಾಗಿ ಬೆಳೆಸಿದ ಸುಬಾಬುಲ್ ಅದೇ. ಹಳೆಯ ಕಬ್ಬಿನ ನೆಲವನ್ನೂ ಓಡುಹಾದಿಗಳ ಅಂಚನ್ನೂ ಅದು ದಟ್ಟವಾಗಿ ಆವರಿಸಿತು. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಟಿನಿಯನ್ ಮೊನಾರ್ಕ್ ಎಂಬ ಪುಟ್ಟ ಹಕ್ಕಿಯು ಈ ಪೊದೆಗಳಲ್ಲಿ ಗೂಡು ಕಟ್ಟಿ ಸಂತತಿಯನ್ನು ಬೆಳೆಸಿಕೊಂಡಿತು. ೧೯೮೫ರಲ್ಲಿ ಈ ತಾಣವು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾಯಿತು. ೨೦೦೪ರಲ್ಲಿ ಗುಂಡಿಗಳನ್ನು ಮತ್ತೆ ತೆರೆದು, ಒಳಗೆ ಇಣುಕಿ ನೋಡಲು ಅನುಕೂಲವಾಗುವಂತೆ ಗಾಜಿನ ಹೊದಿಕೆಯನ್ನು ಹಾಕಿದರು.

ಕಥೆಯು ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ದ್ವೀಪದ ಉತ್ತರ ಭಾಗವು ಗೇಣಿಯ ಕರಾರಿನ ಮೇರೆಗೆ ಅಮೆರಿಕದ ರಕ್ಷಣಾ ಇಲಾಖೆಯ ಕೈಯಲ್ಲಿಯೇ ಉಳಿದಿತ್ತು. ಏಷ್ಯದ ಪೂರ್ವ ತೀರದಲ್ಲಿ ಬಿಗುವು ಹೆಚ್ಚಿದಂತೆ, ೨೦೨೩ರ ಕೊನೆಯಲ್ಲಿ ಅಮೆರಿಕದ ವಾಯುಪಡೆಯು ಈ ನಿಲ್ದಾಣವನ್ನು ಮತ್ತೆ ಬಳಕೆಗೆ ತರುವ ಉದ್ದೇಶವನ್ನು ಪ್ರಕಟಿಸಿತು. ಎಪ್ಪತ್ತು ವರ್ಷಗಳಿಗೂ ಮೀರಿ ಬೆಳೆದ ಕಾಡನ್ನು ಕಡಿದಾಗ ಹಳೆಯ ಹಾದಿಗಳು ಮತ್ತೆ ಬಿಸಿಲನ್ನು ಕಂಡವು. ದ್ವೀಪದಲ್ಲಿರುವ ಸುಮಾರು ಎರಡು ಸಾವಿರ ಜನರಿಗೆ ಇದರಿಂದ ದುಡಿಮೆಯ ಆಸೆಯೂ ಹುಟ್ಟಬಹುದು. ಅವರ ಹಿರಿಯರು ಕಂಡ ಬೆಂಕಿಯ ಭಯವೂ ಮರುಕಳಿಸಬಹುದು.

ಈ ಪಾಳುಗಳನ್ನು ಓದುವವನಿಗೆ ಎದುರಾಗುವ ಪ್ರಶ್ನೆಯು ವಿದ್ಯಾಸಂಸ್ಥೆಗಳಿಗೂ ಸಂಬಂಧಿಸಿದ್ದು. ಹವಳವನ್ನು ಹಾಸಿದವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದನು. ಎತ್ತುಗವನ್ನು ರೂಪಿಸಿದವನು, ದಿಕ್ಕನ್ನು ಲೆಕ್ಕಹಾಕಿದವನು ಚೆನ್ನಾಗಿ ಮಾಡಿದರು. ಅವರೆಲ್ಲರೂ ಒಳ್ಳೆಯ ಶಾಲೆಗಳಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕಲಿತವರೇ. ಕಾಯಕವೆಂಬ ಮಾತಿಗೆ ನಮ್ಮ ಶರಣರು ಕೊಟ್ಟ ಅರ್ಥದಲ್ಲಿ ಕೈಯ ನೈಪುಣ್ಯವಷ್ಟೇ ಸೇರಿಲ್ಲ. ಆ ದುಡಿಮೆ ಯಾರನ್ನು ಉಣಿಸುತ್ತದೆ, ಯಾರನ್ನು ನೋಯಿಸುತ್ತದೆ ಎಂಬ ವಿಚಾರವೂ ಸೇರಿದೆ. ಪಾಠದ ಕೋಣೆಯಲ್ಲಿ ಕೈಗೆ ಚಳಕವನ್ನು ಕಲಿಸುವಾಗ ಈ ವಿಚಾರವನ್ನೂ ಜೊತೆಗೆ ಕಲಿಸಬೇಕಾಗಿದೆ. ಗಾಜಿನ ಹೊದಿಕೆಯ ಕೆಳಗಿನ ಆ ಎರಡು ಗುಂಡಿಗಳು ಅದಕ್ಕೆ ಸಾಕ್ಷಿಯಾಗಿ ತೆರೆದೇ ಇರಲಿ.