ವಿಮಾನದ ಸುತ್ತ ಆ ಬೆಳ್ಳನೆ ಗೆರೆ ಯಾಕೆ ಬರುತ್ತೆ?

(ಈ ವಾರದ ಎಪಿಸೋಡ್‌ನ ಬರಹ ರೂಪ)

ಇವತ್ತಿನ ವಿಷಯ ಫೋಟೋ ಎಡಿಟಿಂಗ್‌ದು. ನನ್ನ ಒಂದು ಒಳ್ಳೆ ಫೋಟೋನ ನಾನೇ ಕೈಯಾರೆ ಹಾಳು ಮಾಡಿದ ಕತೆಯಿಂದ ಶುರು ಮಾಡ್ತೀನಿ.

2019ರ ಫೆಬ್ರವರಿ ನಿಮಗೆ ನೆನಪಿರಬಹುದು. 23ನೇ ತಾರೀಖು ಶನಿವಾರ ಯಲಹಂಕದ ಏರೋ ಇಂಡಿಯಾ ಪಾರ್ಕಿಂಗ್‌ನಲ್ಲಿ ನೂರಾರು ಕಾರು ಸುಟ್ಟುಹೋದವು. ಅದೇ ಹೊತ್ತಿಗೆ ಇತ್ತ ಬಂಡೀಪುರ ಹೊತ್ತಿ ಉರೀತಿತ್ತು, ಗೋಪಾಲಸ್ವಾಮಿ ಬೆಟ್ಟದ ಕಡೆಗೂ ಬೆಂಕಿ ಹಬ್ಬಿತ್ತು. 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದವು. ಕೆಳಗೆ ಹಗ್ಗಕ್ಕೆ ಬಾಂಬಿ ಬಕೆಟ್ ಅನ್ನೋ ದೊಡ್ಡ ಚೀಲ ತೂಗುಹಾಕಿ, ಕೆರೆಯಿಂದ ನೀರು ಮೊಗೆದು ಬೆಂಕಿ ಮೇಲೆ ಸುರೀತಿದ್ದವು. ನಾನು ಗುಂಡ್ಲುಪೇಟೆ ಕಡೆ ರಸ್ತೆ ಬದಿ ನಿಂತು ಫೋನಲ್ಲಿ ಒಂದು ಫೋಟೋ ಹೊಡೆದೆ. ಹೊಗೆ, ಹೊಗೆ ಮುಂದೆ ಕರ್‍ರಗೆ ಹೆಲಿಕಾಪ್ಟರ್, ಅದರ ಕೆಳಗೆ ಬಕೆಟ್.

ಆ ಹೊಗೆ ಒಳಗೆ ನಮ್ಮ ಮಾವ ಇದ್ರು. ಕಾಡಲ್ಲಿ ದಿನಗೂಲಿ ವಾಚರ್. ಹಸಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಬೆಂಕಿ ಬಡೀತಿದ್ದೋರು. ಆ ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಮನೆ ಗೋಡೆಗೆ ಕೊಡಬೇಕು ಅಂತ ನನ್ನ ಆಸೆ. ರಾತ್ರಿ ಕೂತು ಸ್ನ್ಯಾಪ್‌ಸೀಡ್‌ನಲ್ಲಿ ಎಡಿಟ್ ಮಾಡಿದೆ. ಎಚ್‌ಡಿಆರ್ ಸ್ಕೇಪ್ ಎಳೆದೆ, ಸ್ಟ್ರಕ್ಚರ್ ಎಳೆದೆ. ಫೋನಲ್ಲಿ ಸಕ್ಕತ್ತಾಗಿ ಕಾಣ್ತು. ಚಾಮರಾಜನಗರದಲ್ಲಿ ಪ್ರಿಂಟ್ ಹಾಕಿಸಿ ತಗೊಂಡು ಹೋದೆ. ಮಾವ ಕನ್ನಡಕ ಹಾಕ್ಕೊಂಡು ನೋಡಿ ಅಂದಿದ್ದು ಒಂದೇ ಮಾತು: "ಇದೇನ್ಲಾ ಇದು, ಕತ್ತರಿಸಿ ಅಂಟಿಸ್ದಂಗದೆ. ಹಗ್ಗ ಎಲ್ಲೋಯ್ತು?"

ನೋಡಿದ್ರೆ ನಿಜ. ಹೆಲಿಕಾಪ್ಟರ್ ಸುತ್ತ ಬೆಳ್ಳನೆ ಬೆಳಕು, ದೇವರ ಹಿಂದೆ ಪ್ರಭಾವಳಿ ಇದ್ದಂಗೆ. ಅದನ್ನ ಅಳಿಸೋಕೆ ಅಂತ ಬೆರಳಲ್ಲಿ ಬ್ರಶ್ ತಿಕ್ಕಿದ್ದೆನಲ್ಲ, ಕೂದಲೆಳೆ ದಪ್ಪದ ಹಗ್ಗ ಅಲ್ಲೇ ಅಳಿಸಿಹೋಗಿತ್ತು. ಬಕೆಟ್ ಗಾಳೀಲಿ ತಾನೇ ತೇಲ್ತಿತ್ತು! ಒರಿಜಿನಲ್ ಇಟ್ಕೊಂಡಿದ್ಯಾ ಅಂತ ಕೇಳ್ತೀರ. ಇಲ್ಲ. ಫೋನ್ ಮೆಮೊರಿ ತುಂಬಿದೆ ಅಂತ ಡಿಲೀಟ್ ಮಾಡಿದ್ದೆ.

ಈ ಬೆಳ್ಳನೆ ಗೆರೆಗೆ ಹೇಲೋ ಅಂತಾರೆ. ವಿಮಾನದ ಫೋಟೋಗಳಿಗೆ ಇದು ಜಾಸ್ತಿ ಅಂಟಿಕೊಳ್ಳೋಕೆ ಕಾರಣ ಇದೆ. ಒಂದೇ ಬಣ್ಣದ ಖಾಲಿ ಆಕಾಶ, ಅದರ ನಡುವೆ ಚೂಪಾದ ಅಂಚಿನ ಒಂದು ವಸ್ತು. ಮರದ ಎಲೆಗಳ ನಡುವೆ ಆಗಿದ್ರೆ ಕಣ್ಣಿಗೆ ಗೊತ್ತಾಗಲ್ಲ. ಇಲ್ಲಿ ಅಡಗಿಕೊಳ್ಳೋಕೆ ಜಾಗವೇ ಇಲ್ಲ.

ಶಾರ್ಪನಿಂಗ್ ಹೆಂಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡ್ರೆ ಅರ್ಧ ಸಮಸ್ಯೆ ಮುಗೀತು. ಆ್ಯಪ್ ನಿಮ್ಮ ಫೋಟೋದ ಒಂದು ಮಸುಕು ಪ್ರತಿ ಮಾಡ್ಕೊಳ್ಳುತ್ತೆ. ಮೂಲಕ್ಕೂ ಮಸುಕಿಗೂ ಇರೋ ವ್ಯತ್ಯಾಸ ತೆಗೆದು, ಅದನ್ನ ಮತ್ತೆ ಮೂಲಕ್ಕೆ ಸೇರಿಸುತ್ತೆ. ವ್ಯತ್ಯಾಸ ಹೆಚ್ಚಿರೋದು ಎಲ್ಲಿ? ಅಂಚಲ್ಲಿ. ಹಂಗಾಗಿ ಅಂಚಿನ ಕಪ್ಪು ಬದಿ ಇನ್ನೂ ಕಪ್ಪಾಗುತ್ತೆ, ಬಿಳಿ ಬದಿ ಇನ್ನೂ ಬಿಳಿಯಾಗುತ್ತೆ. ಚೂಪು ಬಂದಂಗೆ ಕಣ್ಣಿಗೆ ಅನ್ಸೋದು ಇದರಿಂದಲೇ. ರೇಡಿಯಸ್ ಅನ್ನೋ ಸ್ಲೈಡರ್ ಇದೆಯಲ್ಲ, ಅದು ಆ ಪಟ್ಟಿಯ ಅಗಲ. ಕ್ಲಾರಿಟಿ, ಸ್ಟ್ರಕ್ಚರ್ ಇವೆಲ್ಲಾ ಸುಮಾರಾಗಿ ಇದೇ ಆಟ, ಪಟ್ಟಿ ಮಾತ್ರ ಬಲು ಅಗಲ.

ಶ್ಯಾಡೋಸ್ ಸ್ಲೈಡರ್ ಇನ್ನೂ ಮೋಸಗಾರ. ಯಾವ ಭಾಗ ನೆರಳು ಅಂತ ತೀರ್ಮಾನ ಮಾಡೋಕೆ ಅದು ಸುತ್ತಮುತ್ತಲಿನ ಬೆಳಕನ್ನೂ ನೋಡುತ್ತೆ. ವಿಮಾನದ ಪಕ್ಕದ ಆಕಾಶಾನೂ ನೆರಳಿನ ಲೆಕ್ಕಕ್ಕೆ ಸೇರಿಹೋಗಿ, ಅದೂ ಬೆಳ್ಳಗಾಗುತ್ತೆ.

ಅದಕ್ಕೆ ನನ್ನ ಪ್ರಕಾರ ಮದ್ದು ಇರೋದು ಫೋಟೋ ಹೊಡೆಯೋವಾಗಲೇ. ಆಕಾಶದ ಬೆಳಕು ನೋಡಿ ಕ್ಯಾಮೆರಾ ಮೋಸ ಹೋಗಿ ವಿಮಾನನ ಕಪ್ಪಾಗಿಸುತ್ತೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ +0.7 ಅಥವಾ +1 ಇಡಿ. ಫೋನಲ್ಲಾದ್ರೆ ವಿಮಾನದ ಮೇಲೆ ಮುಟ್ಟಿ ಆ ಸೂರ್ಯನ ಚಿಹ್ನೆನ ಸ್ವಲ್ಪ ಮೇಲಕ್ಕೆ ಎಳೀರಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಆಮೇಲೆ ನೆರಳು ಎತ್ತೋ ಕೆಲಸವೇ ಕಮ್ಮಿ. ಪ್ರೋ ಮೋಡ್‌ನಲ್ಲಿ ರಾ ಫೈಲ್ ಸಿಕ್ಕಿದ್ರೆ ಬಿಡಬೇಡಿ, ಯಾಕಂದ್ರೆ ಎಷ್ಟೋ ಫೋನ್‌ಗಳು ನಾವು ಕೇಳದೆನೇ ಶಾರ್ಪನಿಂಗ್ ಮಾಡಿ ಕೊಡ್ತವೆ. ಅದರ ಮೇಲೆ ನಾವೂ ಮಾಡಿದ್ರೆ ಉಪ್ಪಿನ ಮೇಲೆ ಉಪ್ಪು.

ಎಡಿಟ್ ಮಾಡೋವಾಗ ಲೈಟ್‌ರೂಮ್‌ನಲ್ಲಿ ನಾನು ರೇಡಿಯಸ್ 0.5ರಿಂದ 0.8ರೊಳಗೆ ಇಡ್ತೀನಿ, ಮಾಸ್ಕಿಂಗ್ 70ರ ಆಸುಪಾಸು. ಮಾಸ್ಕಿಂಗ್ ಏರಿಸಿದ್ರೆ ಖಾಲಿ ಆಕಾಶಕ್ಕೆ ಶಾರ್ಪನಿಂಗ್ ತಾಗಲ್ಲ, ಕಾಳುಕಾಳು ಏಳಲ್ಲ. ವಿಮಾನನ ಮಾತ್ರ ಸೆಲೆಕ್ಟ್ ಮಾಡಿ ಬೆಳಕು ಕೊಡೋದಾದ್ರೆ, ಆ ಸೆಲೆಕ್ಷನ್ ಅಂಚಿಂದ ಹೊರಗೆ ಚೆಲ್ಲಬಾರದು, ಒಂಚೂರು ಒಳಗೇ ಇರಲಿ. ಚೆಲ್ಲಿದ ಬೆಳಕೇ ಹೇಲೋ. ಇನ್ನು ಸೈಜ್ ಕಮ್ಮಿ ಮಾಡಿದ ಮೇಲೆ ಕೊನೆಗೆ ಶಾರ್ಪನಿಂಗ್. ತಿರುಗಾ ಮುರುಗಾ ಮಾಡಿದ್ರೆ ಎರಡೆರಡು ಸಲ ಕೂರುತ್ತೆ.

ಪರೀಕ್ಷೆ ಮಾಡೋಕೆ ಒಂದು ಉಪಾಯ. ಕರ್ವ್ಸ್ ತೆಗೆದು ಗೆರೆನ ಗೋಡೆ ಥರ ಕಡಿದಾಗಿ ನಿಲ್ಲಿಸಿ. ಫೋಟೋ ಅಸಹ್ಯವಾಗಿ ಕಾಣುತ್ತೆ, ಕಾಣಲಿ. ಹೇಲೋ ಇದ್ರೆ ಎದ್ದು ಕಾಣುತ್ತೆ. ನೋಡಿ ಆಯ್ತಾ, ಅದನ್ನ ವಾಪಸ್ ತೆಗೆದುಬಿಡಿ. ತೆಳು ಗೆರೆ ಜೂಮ್ ಮಾಡಿದ್ರೆ ಸಿಗುತ್ತೆ, ಅಗಲ ಬೆಳಕು ಮಾತ್ರ ಫೋಟೋನ ಚಿಕ್ಕದು ಮಾಡಿದ್ರೇನೇ ಸಿಗೋದು. ಎರಡೂ ನೋಡಿ.

ನಮ್ಮ ಜಿಲ್ಲೇಲಿ ಏರ್‌ಪೋರ್ಟ್ ಇಲ್ಲ, ಎಲ್ಲಿ ಅಭ್ಯಾಸ ಮಾಡೋದು ಅಂತೀರಾ? ಚಾಮರಾಜೇಶ್ವರ ದೇವಸ್ಥಾನದ ಗೋಪುರ ಇದೆ. ಗುಂಡ್ಲುಪೇಟೆ ರಸ್ತೇಲಿ ಆಕಾಶದ ಎದುರು ನಿಂತ ಸೂರ್ಯಕಾಂತಿ ಇದೆ. ಖಾಲಿ ಆಕಾಶ, ಚೂಪು ಅಂಚು, ಅಷ್ಟೇ ಬೇಕಾಗಿರೋದು. ಅದರಲ್ಲಿ ಕೈ ಪಳಗಿಸ್ಕೊಳ್ಳಿ. ಬೀದರ್‌ನಿಂದ ಹೋಗೋ ಸೂರ್ಯಕಿರಣ್ ತಂಡದ ಒಂಬತ್ತು ಹಾಕ್ ವಿಮಾನಗಳು ಯಲಹಂಕದಲ್ಲಿ ಒಟ್ಟಿಗೆ ತಿರುಗೋವಾಗ ಯೋಚನೆ ಮಾಡೋಕೆ ಟೈಮ್ ಇರಲ್ಲ.

ಮಾವನ ಫೋಟೋ ಏನಾಯ್ತು? ಎರಡು ವರ್ಷ ಆದ್ಮೇಲೆ ಅಕ್ಕನ ಹಳೇ ಫೋನಲ್ಲಿ ಸಿಕ್ತು. ಹೊಡೆದ ತಕ್ಷಣ ಅವಳಿಗೆ ವಾಟ್ಸಾಪ್ ಮಾಡಿದ್ದೆನಂತೆ, ನನಗೇ ಮರೆತಿತ್ತು. ವಾಟ್ಸಾಪ್ ಅದನ್ನ ಕುಗ್ಗಿಸಿತ್ತು, ಅಂಚಲ್ಲೆಲ್ಲಾ ಚುಕ್ಕಿಚುಕ್ಕಿ. ಏನೂ ಮುಟ್ಟಲಿಲ್ಲ. ದೊಡ್ಡ ಪ್ರಿಂಟ್‌ಗೆ ಬರಲ್ಲ ಅಂತ ಸ್ಟುಡಿಯೋದೋರು ಹೇಳಿದ್ರು, ಪೋಸ್ಟ್‌ಕಾರ್ಡ್ ಸೈಜಿಗೆ ಹಾಕಿಸಿದೆ. ಮಾವ ಅದನ್ನ ಕಿಟಕಿ ಹತ್ರ ಹಿಡಿದು, ಉಗುರಲ್ಲಿ ಹಗ್ಗದ ಗೆರೆ ಮೇಲಿಂದ ಕೆಳಗೆ ಎಳೀತಾ ಬಂದು ಬಕೆಟ್ ಮೇಲೆ ನಿಲ್ಲಿಸಿದ್ರು. "ಹ್ಞೂಂ, ಇದು ನೋಡು," ಅಂದ್ರು.